ಗಾಳಿಪಟ, ಘಂಟಿ, ಗರ್ಬಾ: ನರನೋವು ಕಲಿಸಿದ ಪಾಠಗಳು

ನಾನು ಕುಂದಾಪುರದ ಕಡೆಯ ಫಿಸಿಯೋಥೆರಪಿಸ್ಟ್. ಕೆಲಸ ಶುರುಮಾಡಿದ್ದು ಅಹಮದಾಬಾದಿನಲ್ಲಿ, ಆಮೇಲೆ ಕೆಲವು ವರ್ಷ ವಡೋದರಾ, ಈಗ ಸೂರತ್. ಮೂರೂ ಊರುಗಳಲ್ಲಿ ರೋಗಿ ಬಾಗಿಲು ದಾಟುತ್ತಲೇ ಹೇಳುವ ಮಾತು ಒಂದೇ: ‘ನಸ್ ದಬಾಈ ಗಈ ಛೆ.’ ನಮ್ಮೂರಿನವರು ‘ನರ ಒತ್ತಿಕೊಂಡಿದೆ’ ಅನ್ನುವ ಹಾಗೆ. ಆದರೆ ಒತ್ತಿಕೊಳ್ಳುವ ಬಗೆ ಊರಿಂದೂರಿಗೆ ಬೇರೆ, ಯಾಕೆಂದರೆ ಜನ ಕೂರುವುದು, ಹೊರುವುದು, ಹಬ್ಬ ಮಾಡುವುದು ಬೇರೆ. ರೋಗಿಯ ಫಿಲ್ಮ್ ನೋಡುವ ಮೊದಲು ಅವರ ದಿನ ಹೇಗೆ ಸಾಗುತ್ತದೆ ಎಂದು ಕೇಳುವ ಅಭ್ಯಾಸ ನನಗೆ ಇಲ್ಲಿಯೇ ಆದದ್ದು. ಕೆಳಗಿನ ಪಾಠಗಳಿಗೆ ಪಠ್ಯಪುಸ್ತಕದ ಕ್ರಮವಿಲ್ಲ.

1. ನೋವಿನ ಜಾಡನ್ನು ರೋಗಿಯ ಕೈಯಲ್ಲೇ ಬರೆಸಿ

ಕೊರಳಲ್ಲಿ ಮೂಳೆ 7, ಅಲ್ಲಿಂದ ಹೊರಡುವ ನರಬೇರುಗಳು 8 ಜೊತೆ. ಇಡೀ ಬೆನ್ನುಹುರಿಯಿಂದ 31 ಜೊತೆ. ಪ್ರತಿ ಬೇರಿಗೂ ಚರ್ಮದ ಮೇಲೆ ತನ್ನದೇ ಸೀಮೆ ಉಂಟು, ಕೆಲವು ಸ್ನಾಯುಗಳ ಮೇಲೆ ಹಿಡಿತ ಉಂಟು. ಹೆಬ್ಬೆರಳಿಗೆ ಜೋಮು ಹಿಡಿದರೆ ನಾನು ಕೊರಳಿನ ಆರನೆಯ ಬೇರನ್ನು ಅನುಮಾನಿಸುತ್ತೇನೆ, ನಡುಬೆರಳಾದರೆ ಏಳನೆಯದನ್ನು, ಕಿರುಬೆರಳಾದರೆ ಎಂಟನೆಯದನ್ನು. ಕಾಲಿನ ಹೆಬ್ಬೆರಳು ಮೇಲೆತ್ತಲು ಬಲ ಸಾಲದಿದ್ದರೆ ಸೊಂಟದ ಐದನೆಯ ಬೇರು. ಪಾದದ ಹೊರ ಅಂಚು ಮರಗಟ್ಟಿ, ಒಂಟಿ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಅದರ ಕೆಳಗಿನದು.

‘ಇಡೀ ಕಾಲು ನೋವು’ ಎನ್ನುವವರ ಕೈಗೆ ಒಂದು ಸ್ಕೆಚ್ ಪೆನ್ ಕೊಟ್ಟು, ನೋವು ಹೋಗುವ ದಾರಿಯನ್ನು ಅವರ ಕಾಲಿನ ಮೇಲೆ ಅವರಿಂದಲೇ ಎಳೆಸುತ್ತೇನೆ. ಮೊದಲು ನಗುತ್ತಾರೆ, ಆಮೇಲೆ ಗಂಭೀರವಾಗುತ್ತಾರೆ. ಗೆರೆ ಪೃಷ್ಠದಿಂದ ಹೊರಟು ಮಂಡಿ ದಾಟಿ ಪಾದಕ್ಕೆ ಇಳಿದರೆ ನರದ ಮಾತು ನಂಬಬಹುದು. ತೊಡೆಸಂದಿಯಲ್ಲೇ ನಿಂತರೆ ಸೊಂಟದ ಕೀಲನ್ನೂ ನೋಡಬೇಕು.

ಬೆನ್ನು, ಕೊರಳುಗಳನ್ನು ಸುಮ್ಮನೆ ದೂರಬಾರದ ಸಂದರ್ಭಗಳೂ ಬಹಳ. ಎರಡೂ ಪಾದ ಕಾಲುಚೀಲ ಹಾಕಿದಂತೆ ಜೋಮು ಹಿಡಿದಿದ್ದರೆ ಮೊದಲು ಸಕ್ಕರೆ ಪರೀಕ್ಷೆ. ಗುಜರಾತಿನಲ್ಲಿ ಕಟ್ಟಾ ಸಸ್ಯಾಹಾರಿ ಮನೆಗಳು ಹೆಚ್ಚು. ಅಂಥ ರೋಗಿ ‘ಝಣಝಣಾಟಿ’ (ಜುಮ್ಮೆನ್ನುತ್ತದೆ) ಅಂದರೆ ವಿಟಮಿನ್ ಬಿ-12 ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳುತ್ತೇನೆ. ರಾತ್ರಿ ಎಚ್ಚರವಾಗಿ ಕೈ ಕೊಡವಿಕೊಳ್ಳುವ ಕಸೂತಿ ಕೆಲಸದವರಲ್ಲಿ ನರ ಒತ್ತಿಕೊಂಡಿರುವುದು ಬಹಳ ಸಲ ಮಣಿಕಟ್ಟಿನಲ್ಲಿ. ಅವರ ಕೊರಳನ್ನು ಎಷ್ಟು ಎಳೆದರೂ ಏನೂ ಆಗದು.

2. ಜನವರಿ 16ಕ್ಕೆ ಕ್ಲಿನಿಕ್ ಖಾಲಿ ಇಟ್ಟುಕೊಳ್ಳಿ

14ಕ್ಕೆ ಗಾಳಿಪಟದ ಹಬ್ಬ ಉತ್ತರಾಯಣ, 15ಕ್ಕೆ ವಾಸಿ ಉತ್ತರಾಯಣ. ಹಳೇ ಅಹಮದಾಬಾದಿನ ಇಕ್ಕಟ್ಟು ಕೇರಿಗಳಾದ ಪೋಳ್‌ಗಳಲ್ಲಿ ಆ ಎರಡು ದಿನ ತಾರಸಿಗಳೇ ಬಾಡಿಗೆಗೆ ಹೋಗುತ್ತವೆ. ಬೆಳಿಗ್ಗೆ ಮೇಲೆತ್ತಿದ ಕತ್ತು, ಊಂಧಿಯು-ಜಲೇಬಿ ತಿನ್ನುವಷ್ಟು ಹೊತ್ತು ಬಿಟ್ಟರೆ, ಕತ್ತಲಾಗಿ ದೀಪದ ತುಕ್ಕಲ್ (ಕಾಗದದ ಲಾಂದ್ರ) ಹಾರುವ ತನಕ ಕೆಳಗಿಳಿಯುವುದಿಲ್ಲ. 16ರಂದು ನಮ್ಮಲ್ಲಿಗೆ ಬರುವವರ ದೂರು: ‘ಡೋಕ್ ರಹೀ ಗಈ.’ ಕತ್ತು ಹಿಡಿದುಕೊಂಡಿದೆ. ಹೆಚ್ಚಿನವರದು ಬರೀ ಸ್ನಾಯು ಸೆಡೆತ. ಬಿಸಿ ಶಾಖ, ಮೆಲ್ಲನೆ ತಿರುಗಿಸುವ ವ್ಯಾಯಾಮ, ಕೆಲವು ದಿನ ತಾಳ್ಮೆ, ಅಷ್ಟೇ ಸಾಕು.

ನರದ್ದು ಯಾರದ್ದು ಎಂದು ಕೆಲವು ಸಲ ಬಾಗಿಲಲ್ಲೇ ತಿಳಿಯುತ್ತದೆ: ನೋವಿರುವ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡು ಬರುತ್ತಾರೆ. ಹಾಗೆ ಇಟ್ಟರೆ ಬೇರಿನ ಮೇಲಿನ ಎಳೆತ ಸಡಿಲವಾಗಿ ನೋವು ಇಳಿಯುತ್ತದೆ. ಯಾರೂ ಹೇಳಿಕೊಡದೆ ದೇಹವೇ ಕಂಡುಕೊಂಡ ಉಪಾಯ. ವಯಸ್ಸು ನಲವತ್ತು ದಾಟಿದ ಅನೇಕರಲ್ಲಿ ಮೂಳೆಗಳ ನಡುವಿನ ಗಾದಿ (ಡಿಸ್ಕ್) ತೆಳುವಾಗಿ, ಮೂಳೆಯ ಅಂಚು ಬೆಳೆದು, ನರ ಹೊರಬರುವ ಕಿಂಡಿ ಮೊದಲೇ ಕಿರಿದಾಗಿರುತ್ತದೆ. ಕತ್ತನ್ನು ಹಿಂದಕ್ಕೆ ಮಡಿಸಿ ಒಂದು ಬದಿಗೆ ವಾಲಿಸಿದರೆ ಆ ಕಿಂಡಿ ಇನ್ನಷ್ಟು ಮುಚ್ಚುತ್ತದೆ. ಗಾಳಿಪಟ ಹಾರಿಸುವವರು ದಿನವಿಡೀ ನಿಲ್ಲುವ ಭಂಗಿ ಅದೇ. 1944ರಲ್ಲಿ ಅಮೆರಿಕದ ಸ್ಪರ್ಲಿಂಗ್ ಮತ್ತು ಸ್ಕೋವಿಲ್ ವಿವರಿಸಿದ ಪರೀಕ್ಷೆಯಲ್ಲಿ ವೈದ್ಯರು ಬೇಕೆಂದೇ ಈ ಭಂಗಿ ಮಾಡಿಸಿ, ತಲೆಯನ್ನು ಹಗುರವಾಗಿ ಒತ್ತಿ, ನೋವು ಕೈಗೆ ಹಾಯುತ್ತದೆಯೇ ಎಂದು ನೋಡುತ್ತಾರೆ.

ಇಂಥವರಿಗೆ ಮೊದಲ ವಾರ ನನ್ನ ಸಲಹೆ ಸರಳ. ಮೇಲೆ ನೋಡುವುದು ನಿಲ್ಲಿಸಿ, ಎತ್ತರದ ಕಪಾಟಿನ ಡಬ್ಬಿಗಳನ್ನು ಕೆಳಗಿಳಿಸಿ, ಕತ್ತು ನೆಟ್ಟಗಿರುವಷ್ಟು ದಪ್ಪದ ಒಂದೇ ದಿಂಬು ಇಟ್ಟುಕೊಳ್ಳಿ, ಗದ್ದ ಒಳಕ್ಕೆಳೆಯುವ ವ್ಯಾಯಾಮವನ್ನು ನೋವು ಕೈಗೆ ಇಳಿಯದಷ್ಟು ಮಟ್ಟಿಗೆ ಮಾಡಿ. ಕಾಲರ್ ಬಗ್ಗೆ ನಮ್ಮ ವೃತ್ತಿಯವರಲ್ಲಿ ತಾತ್ಸಾರ ಜಾಸ್ತಿ. ನನಗೆ ಅಷ್ಟಿಲ್ಲ. 2009ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ಡಚ್ ಅಧ್ಯಯನ ಹೊಸದಾಗಿ ಶುರುವಾದ ಕೊರಳಿನ ನರನೋವನ್ನು ನೋಡಿತ್ತು. ಸುಮ್ಮನೆ ಕಾದವರಿಗಿಂತ, ಕೆಲವು ವಾರ ಕಾಲರ್ ಹಾಕಿದವರಿಗೂ ಫಿಸಿಯೋಥೆರಪಿ ಪಡೆದವರಿಗೂ ನೋವು ಬೇಗ ಇಳಿಯಿತು. ಕೆಲವು ವಾರ ಎನ್ನುವುದನ್ನು ಮರೆತು ಆರು ತಿಂಗಳು ಹಾಕಿಕೊಂಡರೆ ಕತ್ತಿನ ಸ್ನಾಯು ಸೋಲುತ್ತದೆ.

ಮುಂದಿನ ವರ್ಷ ಗಾಳಿಪಟ ಬಿಡಿ ಎಂದು ಅಹಮದಾಬಾದಿನವರಿಗೆ ಹೇಳುವ ಧೈರ್ಯ ನನಗಿಲ್ಲ. ಒರಗು ಕುರ್ಚಿ ತಾರಸಿಗೆ ಒಯ್ಯಿರಿ, ಮೈಯೇ ಹಿಂದಕ್ಕೆ ವಾಲಿದರೆ ಕತ್ತು ಮಡಿಸಬೇಕಿಲ್ಲ. ಒಂದು ಪೇಚ್‌ಗೆ (ಗಾಳಿಪಟದ ಕಾದಾಟ) ದಾರ ನೀವು, ಮುಂದಿನದಕ್ಕೆ ಫಿರ್ಕಿ (ದಾರದ ಉರುಳೆ) ನೀವು ಎಂದು ಮಾತ್ರ ಹೇಳುತ್ತೇನೆ. ಫಿರ್ಕಿ ಹಿಡಿದವರ ಕಣ್ಣು ಕೆಳಗಿರುತ್ತದೆ.

3. ಘಂಟಿಯ ಮುಂದೆ ಮಾಡಲಾಗದ ವ್ಯಾಯಾಮ ವ್ಯಾಯಾಮವೇ ಅಲ್ಲ

ಸೂರತ್ತಿನ ವರಾಛಾ, ಕತಾರ್‌ಗಾಮ್‌ಗಳಲ್ಲಿ ವಜ್ರ ಉಜ್ಜುವವರನ್ನು ರತ್ನಕಲಾಕಾರ್ ಎನ್ನುತ್ತಾರೆ. ಭಾವನಗರ, ಅಮ್ರೇಲಿ ಕಡೆಯಿಂದ ಬಂದ ಕುಟುಂಬಗಳವರೇ ಹೆಚ್ಚು. ತಿರುಗುವ ಚಕ್ರವಿರುವ ಮೇಜೇ ಘಂಟಿ. ಅದರ ಸುತ್ತ ಕೂತು, ಮೊಣಕೈ ಊರಿ, ಮುಂದಕ್ಕೆ ಬಾಗಿ, ಭೂತಗನ್ನಡಿಯಲ್ಲಿ ಕಲ್ಲಿನ ಮುಖ ನೋಡುತ್ತ, ಮತ್ತೆ ಚಕ್ರಕ್ಕೆ ಒತ್ತುತ್ತ ದಿನ ಕಳೆಯುತ್ತದೆ. ಕೂಲಿ ಹೆಚ್ಚಾಗಿ ಕಲ್ಲಿನ ಲೆಕ್ಕದಲ್ಲಿ. ಇಂಥವರಿಗೆ ‘ಗಂಟೆಗೊಮ್ಮೆ ಎದ್ದು ಹತ್ತು ನಿಮಿಷ ನಡೆಯಿರಿ’ ಎಂದು ಚೀಟಿ ಬರೆದುಕೊಟ್ಟರೆ ಅವರು ವಿನಯದಿಂದ ಮಡಿಸಿ ಜೇಬಿಗಿಡುತ್ತಾರೆ. ಎದ್ದ ಪ್ರತಿ ನಿಮಿಷಕ್ಕೂ ಕೂಲಿ ಕಡಿತ.

ಬೆನ್ನುಮೂಳೆಗಳ ನಡುವಿನ ಗಾದಿಗೆ ಗಟ್ಟಿ ನಾರಿನ ಹೊರಬಳೆ, ಒಳಗೆ ಮೆತ್ತನೆಯ ತಿರುಳು. ಹೋಳಿಗೆಯ ಒಂದಂಚನ್ನು ಒತ್ತಿ ಹಿಡಿದರೆ ಹೂರಣ ಇನ್ನೊಂದಂಚಿಗೆ ಸರಿಯುವ ಹಾಗೆ, ಸದಾ ಮುಂದೆ ಬಾಗಿದವರ ತಿರುಳು ಹಿಂದಕ್ಕೆ, ನರವಿರುವ ಕಡೆಗೆ ಒತ್ತುತ್ತದೆ. ಹೊರಬಳೆ ಹರಿದರೆ ಹೊರಗೂ ಬರುತ್ತದೆ. ಕಾಲಿಗೆ ಹಾಯುವ ನೋವಿಗೆ ಇದು ಕಾರಣ ಎಂದು ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ಬರೆದ ಮೇಲೆಯೇ ಜಗತ್ತು ಒಪ್ಪಿಕೊಂಡಿತು. ಬರೀ ಒತ್ತಡವೊಂದೇ ಕಾರಣವಲ್ಲ. ಹೊರಬಂದ ತಿರುಳು ನರವನ್ನು ಕೆರಳಿಸಿ ಊತವನ್ನೂ ತರುತ್ತದೆ.

ಕೂರುವುದೇ ಪಾಪ ಎಂದು ನನಗೆ ಕಾಲೇಜಿನಲ್ಲಿ ಕಲಿಸಿದ್ದರು. ಸ್ವೀಡನ್ನಿನ ನಾಕೆಮ್ಸನ್ ಗಾದಿಯೊಳಗೆ ಸೂಜಿಯಿಟ್ಟು ಅಳೆದಾಗ ನಿಂತದ್ದಕ್ಕಿಂತ ಕೂತಾಗ ಒತ್ತಡ ಹೆಚ್ಚು ಕಂಡಿತ್ತು. 1999ರಲ್ಲಿ ಜರ್ಮನಿಯ ವಿಲ್ಕೆ ತಂಡ ಮತ್ತೆ ಅಳೆದಾಗ, ಆರಾಮವಾಗಿ ಒರಗಿ ಕೂತರೆ ಒತ್ತಡ ನಿಂತದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ. ತೊಂದರೆ ಇರುವುದು ಮುಂದೆ ಬಾಗಿ ಅಲ್ಲಾಡದೆ ಕೂರುವುದರಲ್ಲಿ. ಆದ್ದರಿಂದ ರತ್ನಕಲಾಕಾರರಿಗೆ ಕೊಡುವುದು ಒಂದೇ: ಒಂದು ಕಲ್ಲು ಮುಗಿಸಿ ಇನ್ನೊಂದು ತೆಗೆದುಕೊಳ್ಳುವ ಮೊದಲು ಎದ್ದು ನಿಂತು, ಎರಡು ಅಂಗೈ ಸೊಂಟಕ್ಕಿಟ್ಟು, ಐದಾರು ಸಲ ಹಿಂದಕ್ಕೆ ಬಾಗುವುದು. ಅರ್ಧ ನಿಮಿಷವೂ ಬೇಡ. ಕುರ್ಚಿ ಸ್ವಲ್ಪ ಎತ್ತರಿಸಿದರೆ ಇನ್ನೂ ಒಳ್ಳೆಯದು. ಇದನ್ನು ಮಾಡುತ್ತಾರೆ.

ಹಿಂದಕ್ಕೆ ಬಾಗಿಸುವ ಈ ದಾರಿಗೆ ಹೆಸರು ತಂದವರು ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ. 1956ರಲ್ಲಿ ಅವರ ರೋಗಿಯೊಬ್ಬ ತಲೆಯ ಕಡೆ ಎತ್ತರಿಸಿಟ್ಟಿದ್ದ ಮಂಚದ ಮೇಲೆ ಗೊತ್ತಿಲ್ಲದೆ ಬೋರಲು ಮಲಗಿಬಿಟ್ಟನಂತೆ. ಬೆನ್ನು ಹಿಂದಕ್ಕೆ ಕಮಾನಾಗಿ ಮಲಗಿದ್ದವನನ್ನು ಕಂಡು ಮೆಕೆಂಜಿ ಗಾಬರಿಯಾದರು. ಅವನಿಗೆ ಮಾತ್ರ ಕಾಲಿನ ನೋವು ಮಾಯವಾಗಿತ್ತು. ನೋವು ಪಾದದಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಏರುತ್ತ ಬಂದರೆ ಅದು ಒಳ್ಳೆಯ ಲಕ್ಷಣ, ಸೊಂಟದಲ್ಲಿ ಸ್ವಲ್ಪ ಜಾಸ್ತಿಯಾದರೂ ಸರಿ. ಇದನ್ನು ರೋಗಿಗೆ ಮೊದಲೇ ಹೇಳದಿದ್ದರೆ ಎರಡನೇ ದಿನಕ್ಕೆ ‘ಬೆನ್ನು ಕೆಟ್ಟಿತು’ ಎಂದು ಬಿಟ್ಟುಬಿಡುತ್ತಾರೆ. ನೋವು ಕೆಳಕ್ಕಿಳಿದರೆ ಆ ವ್ಯಾಯಾಮ ಅವರದ್ದಲ್ಲ.

ಮಗನಿಗೆ ಕೊಟ್ಟ ವ್ಯಾಯಾಮವನ್ನು ಅಪ್ಪ ಮಾಡಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅರವತ್ತು ದಾಟಿದ ಕಾಕಾ ಸ್ವಲ್ಪ ನಡೆದರೆ ಎರಡೂ ಕಾಲು ಭಾರವಾಗಿ ನಿಲ್ಲುತ್ತಾರೆ. ತರಕಾರಿ ಕೈಗಾಡಿಯ ಹಿಡಿಕೆ ಹಿಡಿದು ಮುಂದೆ ಬಾಗಿದರೆ ಹಾಯೆನಿಸುತ್ತದೆ. ಅವರದು ಬೆನ್ನುಹುರಿಯ ನಾಳವೇ ಕಿರಿದಾದ ತೊಂದರೆ. ಅವರಿಗೆ ಹಿಂದೆ ಬಾಗಿದರೆ ಹೆಚ್ಚು, ಮುಂದೆ ಬಾಗಿದರೆ ಕಡಿಮೆ. ಸೈಕಲ್ ತುಳಿಯಬಲ್ಲರು, ನಡೆಯಲಾರರು. ಯೂಟ್ಯೂಬಿನ ಒಂದೇ ವೀಡಿಯೋ ಇಬ್ಬರಿಗೂ ಹೇಗೆ ಸರಿಹೋದೀತು?

4. ಎಂಆರ್‌ಐ ವರದಿಯನ್ನು ಮನೆಮಂದಿ ಓದುವ ಮೊದಲು ನೀವು ಓದಿ

‘ಗಾದಿ ಖಸೀ ಗಈ’ (ಗಾದಿ ಜಾರಿದೆ) ಎಂದು ಅತ್ತೆ, ಅಳಿಯ, ಪಕ್ಕದ ಮನೆಯ ಮಾಸಿ ಎಲ್ಲ ತೀರ್ಮಾನಿಸಿ ಆಗಿರುತ್ತದೆ. ವರದಿಯಲ್ಲಿ ‘ಬಲ್ಜ್’ ಎಂಬ ಪದ ನಾಲ್ಕು ಕಡೆ ಇದ್ದರೆ ನಾಲ್ಕು ಕಾಯಿಲೆ ಎಂದೇ ಲೆಕ್ಕ. ಆಗ ನಾನು 2015ರ ಒಂದು ಸಂಶೋಧನೆಯ ಅಂಕಿ ಹೇಳುತ್ತೇನೆ. ಯಾವ ನೋವೂ ಇಲ್ಲದವರ ಬೆನ್ನಿನ ಚಿತ್ರಗಳನ್ನು ಒಟ್ಟುಗೂಡಿಸಿ ನೋಡಿದಾಗ, 20ರ ವಯಸ್ಸಿನವರಲ್ಲೇ ಶೇ 30ರಷ್ಟು ಮಂದಿಗೆ ಗಾದಿ ಉಬ್ಬಿತ್ತು. 50ರಲ್ಲಿ ಶೇ 60, 80ರಲ್ಲಿ ಶೇ 84. ನರೆಗೂದಲಿಗೆ ಯಾರೂ ಆಪರೇಷನ್ ಮಾಡಿಸುವುದಿಲ್ಲ ಎಂದು ಸೇರಿಸಿದರೆ ಮಾಸಿ ಸ್ವಲ್ಪ ತಣ್ಣಗಾಗುತ್ತಾರೆ.

ಚಿತ್ರ, ರೋಗಿ ಎಳೆದ ಸ್ಕೆಚ್ ಪೆನ್ ಗೆರೆ, ನನ್ನ ಕೈಗೆ ಸಿಕ್ಕ ಬಲಹೀನತೆ, ಮೂರೂ ಒಂದೇ ಬೇರನ್ನು ತೋರಿಸಬೇಕು. ಎಡಗಾಲು ನೋವಿಗೆ ಬಲಬದಿಯ ಉಬ್ಬು ಸಾಕ್ಷಿಯಾಗದು.

ಹೊರಬಂದ ತಿರುಳು ಹಾಗೇ ಉಳಿಯುತ್ತದೆ ಎಂಬ ಭಯವೂ ದೊಡ್ಡದು. ಬಹಳ ಸಲ ದೇಹ ಅದನ್ನು ಹೊರಗಿನ ವಸ್ತುವೆಂದು ಗುರುತಿಸಿ ಕರಗಿಸುತ್ತದೆ, ಮತ್ತು ದೊಡ್ಡದಾಗಿ ಹೊರಬಂದದ್ದೇ ಹೆಚ್ಚು ಕರಗುತ್ತದೆ. ಬರೀ ಉಬ್ಬಿದ್ದು ಹಾಗೆ ಕರಗುವುದು ಕಡಿಮೆ. ವರದಿಯಲ್ಲಿ ಭಯಂಕರವಾಗಿ ಕಾಣುವ ರೋಗಿಗೆ ಕೆಲವೊಮ್ಮೆ ನಾನು ಹೆಚ್ಚು ಭರವಸೆಯಿಂದ ಮಾತಾಡುವುದು ಅದಕ್ಕೇ.

5. ಹಾಸಿಗೆ, ಪಟ್ಟಾ

ಎರಡು ದಿನ ಮಲಗಿ, ಸಾಕು. 1999ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಕಾಲಿನ ನರನೋವಿನವರನ್ನು ಎರಡು ಗುಂಪು ಮಾಡಿ ಒಂದು ಗುಂಪನ್ನು ಎರಡು ವಾರ ಮಲಗಿಸಿ ನೋಡಿದ್ದರು. ಮಲಗಿದವರು ಬೇರೆಯವರಿಗಿಂತ ಬೇಗ ಗುಣವಾಗಲಿಲ್ಲ. ಸೊಂಟಕ್ಕೆ ಪಟ್ಟಾ ಕಟ್ಟಿ ಅಂಗಡಿಗೆ ಹೋಗಬಲ್ಲಿರಾದರೆ ಕಟ್ಟಿ, ಮನೆಗೆ ಬಂದು ಬಿಚ್ಚಿ. ಹಿಂಚ್ಕೋ ಮೇಲೆ ಕೂರಬಹುದೇ ಎಂದು ಪ್ರತಿ ಬಾ (ಅಜ್ಜಿ) ಕೇಳುತ್ತಾರೆ. ಧಾರಾಳವಾಗಿ. ಗುಜರಾತಿ ಮನೆಯ ಉಯ್ಯಾಲೆಯಲ್ಲಿ ಯಾರೂ ಅಲ್ಲಾಡದೆ ಕೂರುವುದಿಲ್ಲ, ಸೋಫಾಕ್ಕಿಂತ ಅದೇ ಲೇಸು.

6. ಮಾತ್ರೆ, ಸೂಜಿ, ಕತ್ತಿಗಳಿಗೆ ಅವುಗಳ ಜಾಗವಿದೆ

ಮಾತ್ರೆ ಬರೆಯುವುದು ನನ್ನ ಕೆಲಸವಲ್ಲ, ಆದರೆ ಬರೆಸಿಕೊಂಡವರು ನನ್ನ ಮುಂದೆಯೇ ತೂಕಡಿಸುತ್ತಾರೆ. ನರನೋವಿಗೆ ಪ್ರಿಗ್ಯಾಬಲಿನ್ ಇಲ್ಲದ ಚೀಟಿ ಈಗ ಅಪರೂಪ. 2017ರಲ್ಲಿ ಆಸ್ಟ್ರೇಲಿಯಾದಲ್ಲಿ 209 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಕಾಲಿನ ನರನೋವಿಗೆ ಅದು ಹುಸಿ ಮಾತ್ರೆಗಿಂತ ಹೆಚ್ಚೇನೂ ಕೆಲಸ ಮಾಡಲಿಲ್ಲ. ತಲೆಸುತ್ತು ಮಾತ್ರ ಹೆಚ್ಚಿತ್ತು. ಹಾಗಂತ ಈಗಾಗಲೇ ತೆಗೆದುಕೊಳ್ಳುತ್ತಿರುವವರು ಥಟ್ಟನೆ ನಿಲ್ಲಿಸಬಾರದು, ವೈದ್ಯರನ್ನು ಕೇಳಿ ಇಳಿಸಬೇಕು. ಬೆನ್ನಿಗೆ ಕೊಡುವ ಸ್ಟಿರಾಯ್ಡ್ ಸೂಜಿ ಕೆಲವರಿಗೆ ಕೆಲವು ವಾರ ನಿದ್ದೆ ಕೊಡುತ್ತದೆ. ಆ ವಾರಗಳಲ್ಲಿ ವ್ಯಾಯಾಮ ಹಿಡಿದರೆ ಲಾಭ.

ಆಪರೇಷನ್ನಿನ ಬಗ್ಗೆ 2007ರ ಡಚ್ ಅಧ್ಯಯನವನ್ನು ನಾನು ಬೇಕೆನ್ನುವ, ಬೇಡವೆನ್ನುವ ಎರಡೂ ಕಡೆಯವರಿಗೆ ಹೇಳುತ್ತೇನೆ. ಬೇಗ ಕೊಯ್ಯಿಸಿಕೊಂಡವರಿಗೆ, ಕಾದು ನೋಡಿದವರಿಗಿಂತ ಕಾಲುನೋವು ಬೇಗ ಇಳಿಯಿತು. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇ 95 ಮಂದಿ ಚೇತರಿಸಿಕೊಂಡಿದ್ದರು. ಆದರೆ ಕಾಯುವ ಗುಂಪಿನ ಶೇ 39 ಮಂದಿ ಅಷ್ಟರಲ್ಲಿ ತಡೆಯಲಾಗದೆ ಆಪರೇಷನ್ ಮಾಡಿಸಿಕೊಂಡಿದ್ದರು. ದಿನಗೂಲಿಯವರಿಗೆ ಬೇಗ ಎಂಬುದರ ಬೆಲೆ ಬೇರೆ, ಪಿಂಚಣಿ ಬರುವವರಿಗೆ ಬೇರೆ. ಆ ಲೆಕ್ಕ ರೋಗಿಯೇ ಹಾಕಲಿ.

7. ಕತ್ತು ‘ಟಕ್’ ಅನ್ನಿಸುವವರಿಂದ ದೂರವಿರಿ

ಕ್ಷೌರ ಮುಗಿಸಿ ತಲೆಯನ್ನು ಅತ್ತಿತ್ತ ತಿರುವಿ ಸದ್ದು ಬರಿಸುವುದು ಉಚಿತ ಸೇವೆ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕೊರಳಿನ ಮೂಳೆಗಳ ರಂಧ್ರಗಳ ಮೂಲಕವೇ ಹಾದುಹೋಗುತ್ತವೆ. ಜೋರು ತಿರುವಿನಲ್ಲಿ ಅವುಗಳ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಅಪರೂಪ, ನಿಜ. ಕೈಗೆ ಜೋಮು ಇರುವವರು ಆ ಅಪರೂಪದ ಪಾಲಿಗೆ ಯಾಕೆ ಕೈಯೊಡ್ಡಬೇಕು? ಮೂಳೆ ಕೂರಿಸುವ ಹಾಡ್‌ವೈದ್‌ರ ಬಗ್ಗೆ ಇಲ್ಲಿ ಬಹಳ ಗೌರವವಿದೆ, ಉಳುಕಿದ ಪಾದಕ್ಕೆ ಅವರ ಎಣ್ಣೆ-ಪಟ್ಟಿಯ ವಿಚಾರದಲ್ಲಿ ನಾನು ಜಗಳ ಕಾಯುವುದಿಲ್ಲ. ಕಾಲಿಗೆ ಹಾಯುವ ನೋವಿರುವ ಬೆನ್ನನ್ನು ತುಳಿಸಿಕೊಳ್ಳುವುದಕ್ಕೆ ಮಾತ್ರ ನನ್ನ ವಿರೋಧವಿದೆ.

8. ಮೂತ್ರದ ಪ್ರಶ್ನೆಯನ್ನು ನಾಚದೆ ಕೇಳಿ

ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದೆಯೇ, ಬಂದದ್ದು ತಿಳಿಯುತ್ತಿಲ್ಲವೇ, ಶೌಚದ ಜಾಗದಲ್ಲಿ, ಒಳತೊಡೆಯಲ್ಲಿ ಸ್ಪರ್ಶ ಸತ್ತಿದೆಯೇ, ಎರಡೂ ಕಾಲು ಸೋಲುತ್ತಿವೆಯೇ? ಒಂದಕ್ಕೆ ‘ಹೌದು’ ಬಂದರೂ ನಾನು ಮೇಜಿನ ಮೇಲೆ ಮಲಗಿಸುವುದಿಲ್ಲ, ಆಟೋ ಕರೆಯುತ್ತೇನೆ. ಬೆನ್ನುಹುರಿಯ ತುದಿಯ ನರಗುಚ್ಛ ಒತ್ತಿಹೋದಾಗ ದಿನಗಳಲ್ಲ, ಗಂಟೆಗಳ ಲೆಕ್ಕ. ತಡವಾದರೆ ಮೂತ್ರದ ಹಿಡಿತ ಮರಳದೆ ಹೋಗಬಹುದು. ಅಹಮದಾಬಾದಿನಲ್ಲಾದರೆ ಅಸಾರ್ವಾದ ಸಿವಿಲ್ ಆಸ್ಪತ್ರೆ, ವಡೋದರಾದಲ್ಲಿ ಸಯಾಜಿ ಆಸ್ಪತ್ರೆ, ಸೂರತ್ತಿನಲ್ಲಿ ನ್ಯೂ ಸಿವಿಲ್ ಅಥವಾ ಸ್ಮಿಮೇರ್, ರಾತ್ರಿಯಾದರೂ ಸರಿ.

ಹೆಂಗಸರು ಇದನ್ನು ತಾವಾಗಿ ಹೇಳುವುದಿಲ್ಲ. ಗಂಡ, ಮಾವ ಪಕ್ಕದಲ್ಲಿದ್ದರೆ ಕೇಳಿದರೂ ‘ನಾ, ನಾ’ ಎನ್ನುತ್ತಾರೆ. ಪರದೆಯ ಹಿಂದೆ ಕರೆದು, ನೇರವಾದ ಆಡುಮಾತಿನಲ್ಲಿ, ಮತ್ತೊಮ್ಮೆ ಕೇಳಬೇಕು.

ಕೊರಳಿನದ್ದು ಇನ್ನೂ ಮೋಸಗಾರ, ಯಾಕೆಂದರೆ ಬೆನ್ನುಹುರಿಯೇ ಒತ್ತಿಹೋದಾಗ ನೋವು ಇಲ್ಲದೆಯೂ ಇರಬಹುದು. ಅಂಗಿಯ ಗುಂಡಿ ಹಾಕಲು ತಡಕಾಡುತ್ತಾರೆ, ನಾಣ್ಯ ಕೈಯಿಂದ ಜಾರುತ್ತದೆ, ನಡಿಗೆ ಬಿಗಿಯಾಗಿ ಓಲಾಡುತ್ತದೆ. ‘ವಯಸ್ಸಾಯಿತು’ ಎಂದು ಮನೆಯವರು ಸುಮ್ಮನಾಗುತ್ತಾರೆ. ನೋಟು ಎಣಿಸಲು ಕಷ್ಟವಾಗುತ್ತಿದೆ ಎಂದು ಒಬ್ಬ ಬಟ್ಟೆ ವ್ಯಾಪಾರಿ ಹೇಳಿದರೆ ಅದನ್ನು ನಾನು ಪೂರ್ತಿ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಪಾದ ನೆಲಕ್ಕೆ ಉಜ್ಜುವಷ್ಟು ಬಲ ಹೋಗುತ್ತಿದ್ದರೂ ಬೇಗ ವೈದ್ಯರಿಗೆ ತೋರಿಸಬೇಕು. ಜ್ವರ, ತೂಕ ಇಳಿತ, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಬೇರೆ ದಾರಿ: ಕ್ಯಾನ್ಸರ್, ಸೋಂಕು, ನಮ್ಮ ದೇಶದಲ್ಲಂತೂ ಬೆನ್ನುಮೂಳೆಯ ಕ್ಷಯ. ಮಗ್ಗದ ಕಾರ್ಖಾನೆಗಳ ಇಕ್ಕಟ್ಟು ಕೋಣೆಗಳಲ್ಲಿ ವಾಸಿಸುವ ಹುಡುಗರಲ್ಲಿ ಅದನ್ನು ಮರೆಯಬಾರದು.

9. ಬೆಳಗಿನ ಮೊದಲ ಗಂಟೆ ಬೆನ್ನಿಗೆ ಬಿಡಿ

ರಾತ್ರಿ ಮಲಗಿದಾಗ ಗಾದಿ ನೀರು ಹೀರಿ ಉಬ್ಬುತ್ತದೆ. ಎದ್ದ ಕೂಡಲೇ ಬಾಗಿದರೆ ಅದರ ಮೇಲೆ ಬೀಳುವ ಎಳೆತ ಹೆಚ್ಚು. 1998ರ ಅಮೆರಿಕನ್ ಅಧ್ಯಯನವೊಂದರಲ್ಲಿ ಬೆಳಗಿನ ಹೊತ್ತು ಬಾಗುವುದನ್ನು ತಪ್ಪಿಸಿದ್ದಕ್ಕೇ ದೀರ್ಘಕಾಲದ ಸೊಂಟನೋವು ಇಳಿದಿತ್ತು. ಖರ್ಚಿಲ್ಲದ ಮದ್ದು ಇದು. ನೆಲ ಒರೆಸುವುದು, ನೀರಿನ ಬಿಂದಿಗೆ, ಗ್ಯಾಸ್ ಸಿಲಿಂಡರ್ ಎಲ್ಲವೂ ಒಂದು ಗಂಟೆ ತಡವಾಗಿ ನಡೆಯಲಿ. ಇಲ್ಲಿನ ನಮ್ಮ ಕರಾವಳಿಯವರ ಹೋಟೆಲುಗಳಲ್ಲಿ ಇದು ಕಷ್ಟ: ಅಡಿಗೆಯವರು ನಸುಕಿಗೇ ಎದ್ದು ಹಿಟ್ಟಿನ ಪಾತ್ರೆ ಎತ್ತಬೇಕು. ಪಾತ್ರೆ ನೆಲದ ಮೇಲಿಡದೆ ಮಂಡಿಯೆತ್ತರದ ಕಟ್ಟೆಯ ಮೇಲಿಡಿ ಎಂದು ಮಾಲೀಕರಿಗೆ ಹೇಳಿದರೆ, ಊರಿನವರೆಂಬ ದಾಕ್ಷಿಣ್ಯಕ್ಕಾದರೂ ಕಟ್ಟಿಸುತ್ತಾರೆ.

ಮಾರುಕಟ್ಟೆಯ ಹಮಾಲಿಗಳಿಗೆ ನಾನು ಕೊಡಬಲ್ಲ ಸಲಹೆ ಸಣ್ಣದು. ಅಹಮದಾಬಾದಿನ ಬಟ್ಟೆ ಪೇಟೆಯಲ್ಲಿ ತಲೆಹೊರೆ ಹೊರುವ, ಕೈಗಾಡಿ ಎಳೆಯುವ ಹೆಂಗಸರ ಕೂಲಿಯ ದೂರಿನಿಂದ ಇಳಾ ಭಟ್ಟರ ಸೇವಾ ಸಂಘ ಹುಟ್ಟಿ, 1972ರಲ್ಲಿ ನೋಂದಣಿಯಾಯಿತು. ಹೊರೆ ಎಷ್ಟಿರಬೇಕೆಂದು ಕೇಳುವ ಬಲ ಸಂಘಕ್ಕಿದೆ. ಮಂಡಿ ಬಾಗಿಸಿ ಎತ್ತಿ ಎಂದು ಪಾಠ ಹೇಳುವ ನನಗಿಲ್ಲ.

10. ‘ನವರಾತ್ರಿಗೆ ಸರಿಯಾಗುತ್ತದೆಯೇ?’

ವಡೋದರಾದಲ್ಲಿ ಜುಲೈ ತಿಂಗಳಿಂದಲೇ ಈ ಪ್ರಶ್ನೆ. ನಾನು ಇದನ್ನು ಸ್ವಾಗತಿಸುತ್ತೇನೆ; ‘ನೋವು ಹೋಗಬೇಕು’ ಎಂಬ ಗುರಿಗಿಂತ ‘ಗರ್ಬಾ ಆಡಬೇಕು’ ಎಂಬ ಗುರಿಗೆ ಜನ ಚೆನ್ನಾಗಿ ವ್ಯಾಯಾಮ ಮಾಡುತ್ತಾರೆ. ಬರಿಗಾಲು, ಬಾಗಿ ಚಪ್ಪಾಳೆ, ತಿರುವು, ಒಂಬತ್ತು ರಾತ್ರಿ. ಮೊದಲು ಅರ್ಧ ಗಂಟೆ ಸಮ ನೆಲದ ನಡಿಗೆ ನೋವಿಲ್ಲದೆ ಆಗಬೇಕು. ಆಮೇಲೆ ಒಂಟಿ ತುದಿಗಾಲಲ್ಲಿ ಎರಡೂ ಕಡೆ ಹತ್ತು ಸಲ ಏರಬೇಕು. ಮನೆಯಲ್ಲಿ ಹಾಡು ಹಾಕಿ ಕಾಲು ಗಂಟೆ ಆಡಿ ನೋಡಬೇಕು. ಪಾದದ ಬಲ ಇನ್ನೂ ಬಂದಿರದಿದ್ದರೆ ಈ ವರ್ಷ ಇಲ್ಲ; ಅಲ್ಲಿ ಚೌಕಾಸಿ ನಡೆಯದು.

ಉಳಿದವರಿಗೆ ವಡೋದರಾದ ಗರ್ಬಾವೇ ಅನುಕೂಲ ಮಾಡಿಕೊಟ್ಟಿದೆ: ನಿಧಾನವಾಗಿ ಶುರುವಾಗಿ ಕೊನೆಗೆ ವೇಗ ಏರುತ್ತದೆ. ಮೊದಲ ರಾತ್ರಿ ನಿಧಾನದ ಭಾಗ ಮಾತ್ರ ಆಡಿ ವೃತ್ತದಿಂದ ಹೊರಬನ್ನಿ. ಮರುದಿನ ಬೆಳಿಗ್ಗೆ ನೋವು ಮಂಡಿಯಿಂದ ಕೆಳಗೆ ಇಳಿದಿಲ್ಲವಾದರೆ ಎರಡನೇ ರಾತ್ರಿ ಇನ್ನೊಂದು ಸುತ್ತು ಸೇರಿಸಿ. ಇಳಿದಿದ್ದರೆ ಆ ರಾತ್ರಿ ಕೂತು ನೋಡಿ, ಬೋರಲು ಮಲಗಿ ಹಿಂದಕ್ಕೆ ಬಾಗುವ ವ್ಯಾಯಾಮಕ್ಕೆ ಮರಳಿ, ಮೂರನೇ ರಾತ್ರಿ ಮತ್ತೆ ಮೊದಲಿನಷ್ಟೇ.